ಸ್ಟಾರ್ಟ್ ಮಾಡದೆ ಇಟ್ಟಿದ್ದ ಕಾರು

ಸೆಕೆಂಡ್ ಹ್ಯಾಂಡ್ ಕಾರಿನ ಹುಡುಕಾಟದಲ್ಲಿ ಇವತ್ತು ನೋಡಿದ್ದು ಐದನೆಯದು. 'ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ' ಎಂದು ಮಾಲೀಕರಿಗೆ ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದೆ. ಎಂಜಿನ್ ತಣ್ಣಗಿದ್ದಾಗಲೇ ಅಲ್ವಾ ಅದರ ನಿಜವಾದ ಸದ್ದು, ಹೊಗೆ ಗೊತ್ತಾಗುವುದು? ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಕಳೆದ ವಾರ ನೋಡಿದ ಕಾರು ಹಾಗೇ ಇತ್ತು. ಹೊರಗೆ ಮಾತ್ರ ಫಳಫಳ.

ಇದರ ಮೀಟರಿನಲ್ಲಿ 42,000 ಕಿಲೋಮೀಟರ್ ಇತ್ತು. ಪೆಡಲ್ ರಬ್ಬರು, ಸ್ಟೇರಿಂಗ್ ಜಾಸ್ತಿ ಸವೆದಿರಲಿಲ್ಲ. ಸರ್ವಿಸ್ ಬಿಲ್ಲುಗಳನ್ನು ಒಂದೊಂದಾಗಿ ನೋಡಿದೆ, ಲೆಕ್ಕ ತಾಳೆಯಾಯಿತು. ಟೈರಿನ ಮೇಲೆ 2319 ಎಂದಿತ್ತು. ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ರಬ್ಬರಿಗೆ ವಯಸ್ಸಾಗಿದೆ. ನಾಲ್ಕೂ ಬದಲಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿ ಎಂದು ಕೇಳಿದ್ದೇನೆ. ಮೊದಲ ಸರ್ವಿಸ್‌ಗೆ, ಬ್ಯಾಟರಿಗೆ ಎಂದು ಎತ್ತಿಟ್ಟ ದುಡ್ಡನ್ನು ಮಾತ್ರ ಮುಟ್ಟುವುದಿಲ್ಲ. ನಾಳೆ ಮೆಕ್ಯಾನಿಕ್ ಕೆಳಗಿನಿಂದ ನೋಡಿ ಹೇಳಲಿ, ಆಮೇಲೆ ಅಡ್ವಾನ್ಸ್.

ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಿಂದಿನ ಸೀಟಿಗೆ ಎರಡು ಸಲ ಹತ್ತಿ ಇಳಿದರು. 'ಮಂಡಿ ನೋಯಲಿಲ್ಲ ಕಣೋ' ಎಂದರು. ನನಗೆ ಮೈಲೇಜಿಗಿಂತ ಆ ಮಾತೇ ದೊಡ್ಡದು ಅನಿಸಿತು.

ಬಿಲ್ಲುಗಳ ಹಿಂದೆ ಮಾಲೀಕರು ತಮ್ಮ ಕೈಯಲ್ಲೇ ತಾರೀಖು ಬರೆದಿಟ್ಟಿದ್ದರು. ನಾವು ಹಳೇ ಕಾರು ಎನ್ನುತ್ತೇವೆ, ಅವರಿಗೆ ಅದು ಎಷ್ಟೋ ವರ್ಷ ಮನೆಯವರನ್ನೆಲ್ಲ ಹೊತ್ತು ತಿರುಗಿದ ಗಾಡಿ. ಹಿಂದಿನ ಗಾಜಿನ ಮೇಲೆ ಅವರ ಮಗು ಅಂಟಿಸಿದ ಚಿಟ್ಟೆಯ ಸ್ಟಿಕ್ಕರ್ ಇದೆ. ಅದನ್ನು ಕೀಳಬಾರದು ಎಂದು ನನ್ನ ಮಗಳು ಈಗಲೇ ಹೇಳಿಟ್ಟಿದ್ದಾಳೆ.