ಯುದ್ಧದ ಸಿನಿಮಾದಲ್ಲೂ ರಾಜಕೀಯ ಯಾಕೆ ಹುಡುಕ್ತೀರಾ?

ಈ ಪ್ರಶ್ನೆ ನನಗೆ ಎದುರಾಗದ ಜಾಗವೇ ಇಲ್ಲ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಮುಗಿಸಿ ಗೇಟಿನ ಹತ್ತಿರ ನಿಂತು ಮಾತಾಡುವಾಗ ಬಂದಿದೆ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತೇ ಹೋಗಿದ್ದ ಕ್ಯಾಬಿನಲ್ಲಿ ಕೂಡ. ಕೇಳುವವರು ಬೇರೆ ಬೇರೆ, ಮಾತು ಮಾತ್ರ ಒಂದೇ: "ಸಾರ್, ಸೈನಿಕರು ಪ್ರಾಣ ಕೊಡೋ ಕಥೆ. ಮೂರು ಗಂಟೆ ಸುಮ್ನೆ ಕೂತು ನೋಡಿ ಬರಬಾರ್ದಾ? ಅದ್ರಲ್ಲೂ ರಾಜಕೀಯ ಯಾಕೆ ಹುಡುಕ್ತೀರಾ?" ಕಳೆದ ತಿಂಗಳು ಇದನ್ನೇ ನನ್ನ ತಂಗಿಯ ಮಗ ಕೇಳಿದ. ಅವನಿಗೆ ಇಪ್ಪತ್ತು ವರ್ಷ, ಸಿನಿಮಾ ಅಂದರೆ ಜೀವ ಬಿಡುತ್ತಾನೆ. ಅವತ್ತು ಅವನಿಗೆ ಸರಿಯಾಗಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ದೊಡ್ಡಪ್ಪನಿಂದ ಶುರು ಮಾಡಬೇಕು. ಅವರು ಎಂಇಜಿಯಲ್ಲಿದ್ದರು. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್. ಸೇನೆಯಲ್ಲಿ ಇವರನ್ನು ಪ್ರೀತಿಯಿಂದ 'ತಂಬಿ' ಅಂತ ಕರೆಯುತ್ತಾರೆ. 1971ರ ಯುದ್ಧದಲ್ಲಿ ದೊಡ್ಡಪ್ಪ ಪಶ್ಚಿಮದ ಗಡಿಯಲ್ಲಿದ್ದರು. ಅವರ ಕೆಲಸ ಮೈನ್, ಅಂದರೆ ನೆಲದಲ್ಲಿ ಹೂತಿಟ್ಟ ಸ್ಫೋಟಕ, ತೆಗೆಯುವುದು. ಹೊಟ್ಟೆ ಮೇಲೆ ಮಲಗಿ, ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಓರೆಯಾಗಿ ಚುಚ್ಚುತ್ತಾ ತೆವಳಬೇಕು. ನೇರವಾಗಿ ಚುಚ್ಚಿದರೆ ಮೈನಿನ ನೆತ್ತಿಗೆ ತಾಗುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗುತ್ತದೆ. ಜೀವ ಆ ಓರೆಯ ಮೇಲೆ ನಿಂತಿರುತ್ತದೆ. ಬಸಂತರ್ ನದಿಯ ಕದನದಲ್ಲಿ ಟ್ಯಾಂಕುಗಳಿಗೆ ಹೀಗೆ ದಾರಿ ಬಿಡಿಸಿಕೊಟ್ಟವರಲ್ಲಿ ಎಂಇಜಿಯ ಸಿಪಾಯಿಗಳಾದ ಮದ್ರಾಸ್ ಸ್ಯಾಪರ್‌ಗಳೂ ಇದ್ದರು. ನಾನು ಎಷ್ಟೋ ಯುದ್ಧದ ಸಿನಿಮಾ ನೋಡಿದ್ದೇನೆ. ನಮ್ಮ ಸಿನಿಮಾಗಳಲ್ಲಿ ಟ್ಯಾಂಕು ನುಗ್ಗುವುದನ್ನು ಮನಸಾರೆ ತೋರಿಸಿದ್ದಾರೆ. ಅದಕ್ಕೂ ಮೊದಲಿನ ರಾತ್ರಿ ಮಣ್ಣಿನಲ್ಲಿ ಮಲಗಿದವನನ್ನು ಹಾಗೆ ತೋರಿಸಿದ್ದು ನನಗೆ ಕಂಡಿಲ್ಲ.

1997ರಲ್ಲಿ ಜೆ.ಪಿ. ದತ್ತಾ ಅವರ 'ಬಾರ್ಡರ್' ಬಂದಾಗ ದೊಡ್ಡಪ್ಪನನ್ನು ಮೆಜೆಸ್ಟಿಕ್‌ಗೆ ಕರೆದುಕೊಂಡು ಹೋಗಿದ್ದೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ನಾನೂ ಶಿಳ್ಳೆ ಹೊಡೆದೆ, ಮೈಯೆಲ್ಲ ರೋಮಾಂಚನ. ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಒಂದೇ ಮಾತು ಹೇಳಿದರು: "ಅಷ್ಟೊಂದು ಮಾತಾಡಕ್ಕೆ ಅಲ್ಲಿ ಪುರುಸೊತ್ತೆಲ್ಲಿರುತ್ತೋ ಮಗ."

ಆಮೇಲೆ ನಾನು ಆ ಸಿನಿಮಾದ ಕಥೆ ನಡೆಯುವ ರಾಜಸ್ಥಾನದ ಗಡಿಠಾಣೆ ಲೋಂಗೆವಾಲಾ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1971ರ ಡಿಸೆಂಬರ್ 4ರ ರಾತ್ರಿ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಯಲ್ಲಿದ್ದದ್ದು ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಟ್ಯಾಂಕುಗಳ ಸಾಲು. ಬೆಳಗಾಗುವ ತನಕ ತಡೆದು ನಿಂತರು, ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದು ಮರಳಿನಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳನ್ನು ಹೊಡೆದವು. ನಮ್ಮ ಕಡೆ ಸತ್ತವರು ಇಬ್ಬರು. ಸಿನಿಮಾದಲ್ಲಿ ಹಾಗಿಲ್ಲ, ನಾವು ಪ್ರೀತಿಸತೊಡಗಿದವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರವೂ ವೀರಮರಣ ಹೊಂದುತ್ತದೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಸೇನಾ ಪದಕ ಪಡೆದು ರಾಜಸ್ಥಾನದ ತಮ್ಮ ಊರಿನಲ್ಲಿ ಬದುಕಿದ್ದರು. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಪರದೆಯ ಮೇಲೆ ಸತ್ತು ಇಪ್ಪತ್ತೈದು ವರ್ಷ ಕಳೆದ ಮೇಲೆ.

ನಾನು 'ರಾಜಕೀಯ' ಅನ್ನುವುದು ಇದನ್ನೇ. ಪಕ್ಷದ ಬಾವುಟ, ಚುನಾವಣೆ, ಯಾರ ಭಾಷಣ ಯಾರ ಬಾಯಲ್ಲಿ ಬಂತು ಅನ್ನುವುದರಲ್ಲಿ ನನಗೆ ಆಸಕ್ತಿ ಕಡಿಮೆ, ಅದು ಎರಡು ವಾರಕ್ಕೆ ಹಳಸುತ್ತದೆ. ಆದರೆ ರಾತ್ರಿಯಿಡೀ ಗಟ್ಟಿಯಾಗಿ ನಿಂತು, ಗೆದ್ದು, ಜೀವಂತ ಮನೆಗೆ ಬಂದವನ ಕಥೆ ನಮಗೆ ಸಾಲದು, ಅವನು ಸತ್ತರೇನೇ ಪೂರ್ತಿ ವೀರ ಅಂತ ಯಾರೋ ಒಬ್ಬರು ಕೂತು ತೀರ್ಮಾನ ಮಾಡಿದ್ದಾರೆ. ಆ ತೀರ್ಮಾನಕ್ಕೆ ನಾವು ಶಿಳ್ಳೆ ಹೊಡೆದಿದ್ದೇವೆ. ದೊಡ್ಡಪ್ಪ ಬದುಕಿ ಬಂದವರು. ಪಕ್ಕದ ಸೀಟಿನಲ್ಲಿ ಕೂತಿದ್ದರು.

ಟ್ಯಾಂಕು, ಹೆಲಿಕಾಪ್ಟರು ಯಾರು ಕೊಟ್ಟರು ಅಂತಲೂ ನಾನು ನೋಡುತ್ತೇನೆ. ಸಾಲ ಕೊಟ್ಟವನ ಮಾತು ಕೇಳಲೇಬೇಕಾಗುತ್ತದೆ, ಸಂಸಾರ ನಡೆಸಿದವರಿಗೆಲ್ಲ ಗೊತ್ತಿರುವ ವಿಷಯ. 1986ರ 'ಟಾಪ್ ಗನ್'ಗೆ ಅಮೆರಿಕದ ನೌಕಾಪಡೆ ವಿಮಾನ, ಹಡಗು ಎರಡನ್ನೂ ಕೊಟ್ಟಿತು. ಮೊದಲು ನೌಕಾಪಡೆಯವಳೇ ಆಗಿದ್ದ ನಾಯಕಿ ಆಮೇಲೆ ಹೊರಗಿನಿಂದ ಬಂದ ಬೋಧಕಿಯಾದಳು. ನಿರ್ದೇಶಕ ಕಪ್ಪೋಲಾ ವಿಯೆಟ್ನಾಂ ಯುದ್ಧದ 'ಅಪೋಕ್ಯಾಲಿಪ್ಸ್ ನೌ' ಮಾಡುವಾಗ ಅಲ್ಲಿನ ಸೇನೆ ಕಥೆ ಒಪ್ಪದೆ ಕೈ ಎತ್ತಿತು. ಆತ ಫಿಲಿಪೀನ್ಸ್‌ಗೆ ಹೋಗಿ ಮಾರ್ಕೋಸ್ ಸರ್ಕಾರದ ಹೆಲಿಕಾಪ್ಟರ್ ಪಡೆದ. ಶೂಟಿಂಗ್ ನಡೆಯುತ್ತಿದ್ದಾಗಲೇ ಅವು ಬಂಡುಕೋರರ ಮೇಲೆ ದಾಳಿ ಮಾಡಲು ಹಾರಿ ಹೋಗುತ್ತಿದ್ದವು. ಯುದ್ಧ ಬೇಡ ಅನ್ನುವ ಸಿನಿಮಾಗೆ ನಿಜವಾದ ಯುದ್ಧದಿಂದ ಬಿಡುವಾದಾಗ ಬಂದ ಹೆಲಿಕಾಪ್ಟರ್! ನಮ್ಮಲ್ಲೂ 2020ರಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ಕಥೆ ಇರುವ ಚಿತ್ರಗಳಿಗೆ ಮೊದಲು ನಿರಾಕ್ಷೇಪಣಾ ಪತ್ರ ಪಡೆಯಲು ನಿರ್ಮಾಪಕರಿಗೆ ಹೇಳಿ ಅಂತ ಕೇಳಿತು. ಸಮವಸ್ತ್ರಕ್ಕೆ ಅವಮಾನ ಆಗುವಂತೆ ತೋರಿಸುತ್ತಾರೆ ಅನ್ನುವ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತನ್ನ ಬಗ್ಗೆ ಬರೆದದ್ದಕ್ಕೆ ತಾನೇ ಅಂಕ ಹಾಕುವ ಅಧಿಕಾರ ಯಾರಿಗೂ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿರ್ದೇಶಕರ ವಿಷಯಕ್ಕೆ ಬಂದರೆ ನಮ್ಮ ಗುಂಪಿನಲ್ಲಿ ಹಳೆಯ ಜಗಳವೊಂದಿದೆ. 1998ರಲ್ಲಿ ಒಂದೇ ವರ್ಷ ಎರಡು ಸಿನಿಮಾ ಬಂದವು. ಸ್ಪೀಲ್‌ಬರ್ಗ್‌ನ 'ಸೇವಿಂಗ್ ಪ್ರೈವೇಟ್ ರಯಾನ್', ಇಪ್ಪತ್ತು ವರ್ಷ ಸುಮ್ಮನಿದ್ದು ಮರಳಿ ಬಂದ ಮಾಲಿಕ್‌ನ 'ದಿ ಥಿನ್ ರೆಡ್ ಲೈನ್'. ಮೊದಲನೆಯದಕ್ಕೆ 5 ಆಸ್ಕರ್, ಎರಡನೆಯದಕ್ಕೆ 7 ನಾಮನಿರ್ದೇಶನ, ಪ್ರಶಸ್ತಿ ಒಂದೂ ಇಲ್ಲ. ನನ್ನ ಗೆಳೆಯನೊಬ್ಬ ಮಾಲಿಕ್ ಪಕ್ಷ: "ಹುಲ್ಲು ಗಾಳಿಗೆ ಅಲ್ಲಾಡ್ತಿರುತ್ತೆ, ಅದರೊಳಗೆ ಮನುಷ್ಯ ಸಾಯ್ತಿರ್ತಾನೆ. ಇದಕ್ಕಿಂತ ಇನ್ನೇನು ಬೇಕು ಗುರು?" ನಾನು ಬಹಳ ವರ್ಷ ಸ್ಪೀಲ್‌ಬರ್ಗ್ ಪಕ್ಷ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬಂದಿಳಿದ ಫ್ರಾನ್ಸಿನ ಒಮಾಹಾ ಕಡಲತೀರದ ಆ ಮೊದಲ ಇಪ್ಪತ್ತು ಚಿಲ್ಲರೆ ನಿಮಿಷ ಕ್ಯಾಮೆರಾ ಸಿಪಾಯಿಯ ಎತ್ತರಕ್ಕಿಂತ ಮೇಲೇಳುವುದೇ ಅಪರೂಪ, ನಮಗೂ ತಲೆ ಎತ್ತಲು ಭಯ.

ನನ್ನ ಪಕ್ಷ ಸಡಿಲವಾದದ್ದು ಒಂದು ಸಣ್ಣ ಗಳಿಗೆಯಿಂದ. ಅದೇ ದೃಶ್ಯದ ಕೊನೆಯಲ್ಲಿ ಇಬ್ಬರು ಶತ್ರು ಸೈನಿಕರು ಕೈ ಎತ್ತಿ ಏನೋ ಹೇಳುತ್ತಾ ಬರುತ್ತಾರೆ. ಅಮೆರಿಕದ ಸಿಪಾಯಿಗಳು ಗುಂಡು ಹೊಡೆದು, ನಗೆಚಾಟಿಕೆ ಮಾಡಿ ಮುಂದೆ ಹೋಗುತ್ತಾರೆ. ಕೆಳಗೆ ಸಬ್‌ಟೈಟಲ್ ಇಲ್ಲ. ಬಹಳ ಕಾಲ ನಾನು ಅವರು ಮಾತಾಡಿದ್ದು ಜರ್ಮನ್ ಅಂದುಕೊಂಡಿದ್ದೆ. ಅದು ಚೆಕ್ ಭಾಷೆ. ತಾವು ಜರ್ಮನರಲ್ಲ, ಚೆಕ್ ಜನ, ಯಾರನ್ನೂ ಕೊಂದಿಲ್ಲ ಅಂತ ಅವರು ಹೇಳುತ್ತಿದ್ದಾರೆ. ಜರ್ಮನ್ ಸೇನೆಗೆ ಬಲವಂತವಾಗಿ ಸೇರಿಸಲಾದವರು ಇದ್ದೇ ಇದ್ದರು. ಭಾಷೆ ಗೊತ್ತಿದ್ದವನಿಗೆ ಅದು ಕೊಲೆ, ಗೊತ್ತಿಲ್ಲದವನಿಗೆ ಗೆಲುವು. ಆ ಸಬ್‌ಟೈಟಲ್ ಹಾಕದಿರುವುದನ್ನು ನನ್ನ ಗೆಳೆಯ ಕಳ್ಳತನ ಅಂದ. ನಾನು ಅದನ್ನು ಧೈರ್ಯ ಅಂದುಕೊಂಡಿದ್ದೇನೆ: ಸಿಪಾಯಿಗೆ ಎಷ್ಟು ತಿಳಿದಿತ್ತೋ ಅಷ್ಟನ್ನೇ ನಮಗೂ ತಿಳಿಸಿ, ನಮ್ಮ ಕೈಯಲ್ಲೂ ಗುಂಡು ಹೊಡೆಸಿದ. ಆದರೆ ಹುಡುಕಿ ತಿಳಿದುಕೊಳ್ಳದೆ ಇದ್ದಿದ್ದರೆ ನನ್ನ ಕೈಗೆ ಅಂಟಿದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಈ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ನೋಲನ್ 2017ರಲ್ಲಿ 'ಡನ್ಕರ್ಕ್' ಮಾಡಿದಾಗ ಇನ್ನೊಂದು ಜೋರು ಗಲಾಟೆಯಾಯಿತು. ಜರ್ಮನರು ಸುತ್ತುವರಿದಿದ್ದ ಫ್ರಾನ್ಸಿನ ದಡದಿಂದ ಬ್ರಿಟಿಷ್ ಸೈನಿಕರನ್ನು ಪಾರು ಮಾಡಿದ ಕಥೆ ಅದು. ದಡದಲ್ಲಿ ಒಂದು ವಾರ, ದೋಣಿಯಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಮೂರನ್ನೂ ಜಡೆ ಹೆಣೆದ ಹಾಗೆ ಹೆಣೆದಿದ್ದಾನೆ. ಕಸುಬು ಅಂದರೆ ಅದು. ಆದರೆ 1940ರಲ್ಲಿ ಆ ದಡದಲ್ಲಿ ನಮ್ಮವರೂ ಇದ್ದರು. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ಭಾರತೀಯ ಸೇನೆಯ ಕಂಪನಿಗಳು, ಬಹುತೇಕ ಪಂಜಾಬಿನ ಮುಸ್ಲಿಮರು. ಸಿನಿಮಾದಲ್ಲಿ ಅವರ ಸುಳಿವಿಲ್ಲ. ನಾನು ಕೂಗಾಡುತ್ತಿದ್ದಾಗ ಸುಚಿತ್ರಾಕ್ಕೆ ಬರುವ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಅವನು ಬಿಟ್ಟ, ಸರಿ. ನೀವು ದಿನಾ ಜೆ.ಸಿ. ನಗರದ ಮೇಲೆ ಓಡಾಡ್ತೀರಲ್ಲ, ಅಲ್ಲಿರೋ ಸ್ಮಾರಕ ಯಾರದು ಹೇಳಿ?"

ನನಗೆ ಗೊತ್ತಿರಲಿಲ್ಲ. ಅದು ಮೈಸೂರು ಲ್ಯಾನ್ಸರ್ಸ್ ಸ್ಮಾರಕ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಮೈಸೂರಿನ ಕುದುರೆ ಸವಾರರು ಈಟಿ, ಕತ್ತಿ ಹಿಡಿದು ಫಿರಂಗಿ, ಮಷೀನ್ ಗನ್ನುಗಳ ಎದುರು ನುಗ್ಗಿ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಆಟೊಮನ್ ಸೇನೆಯಿಂದ ಕಿತ್ತುಕೊಂಡರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. ಈ ಕಥೆಯನ್ನು ಕನ್ನಡದಲ್ಲಿ ಸಿನಿಮಾ ಮಾಡಿದರೆ ಏನೇನು ಕೇಳಬೇಕಾಗುತ್ತದೆ ಯೋಚಿಸಿ. ಮೈಸೂರು ಸೀಮೆಯ ಹುಡುಗ ಹೈಫಾದಲ್ಲಿ ಯಾರಿಗಾಗಿ ಸತ್ತ? ಒಡೆಯರಿಗಾಗಿಯೋ, ಲಂಡನ್ನಿನ ದೊರೆಗಾಗಿಯೋ, ಪಕ್ಕದಲ್ಲಿದ್ದ ಸವಾರನಿಗಾಗಿಯೋ? ಇದನ್ನು ಕೇಳದೆ ಆ ಕುದುರೆಗಳ ಓಟವನ್ನು ಚಿತ್ರಿಸಲು ಬರುವುದಿಲ್ಲ. ಕೇಳಿದ ತಕ್ಷಣ ಅದು ರಾಜಕೀಯವೇ.

ಕನ್ನಡದಲ್ಲಿ ಇಂಥ ಪ್ರಶ್ನೆಯ ಹತ್ತಿರ ಹೋದದ್ದು ನನ್ನ ಮಟ್ಟಿಗೆ 1990ರ 'ಮುತ್ತಿನ ಹಾರ'. ರಾಜೇಂದ್ರ ಸಿಂಗ್ ಬಾಬು ಕೊಡಗಿನ ಸಿಪಾಯಿಯೊಬ್ಬನನ್ನು ಹಿಡಿದು, ಯುದ್ಧವನ್ನು ಅವನ ಸಂಸಾರದೊಳಗೇ ತಂದುಬಿಟ್ಟರು. ವಿಷ್ಣುವರ್ಧನ್ ಸಮವಸ್ತ್ರ ನೆನಪಿರುವಷ್ಟೇ ಸುಹಾಸಿನಿಯ ಮುಖ ನೆನಪಿದೆ. ಬಾಲಮುರಳಿಕೃಷ್ಣ ಅವರ ದನಿಯಲ್ಲಿ 'ದೇವರು ಹೊಸೆದ ಪ್ರೇಮದ ದಾರ' ರೇಡಿಯೋದಲ್ಲಿ ಬಂದರೆ ನಮ್ಮಮ್ಮ ಇವತ್ತಿಗೂ ಒಲೆ ಸಣ್ಣ ಮಾಡುತ್ತಾರೆ. ಕಾರಿಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನ ಕಥೆ ಹೇಳುತ್ತಾ ಒಂದು ಮನೆ ಸೇನೆಗೆ ಏನೇನು ಕೊಟ್ಟು ಬರಿದಾಗುತ್ತದೆ ಅಂತ ತೋರಿಸಿದ್ದಕ್ಕೆ ಯಾರೂ ಅವರನ್ನು ದೇಶದ್ರೋಹಿ ಅನ್ನಲಿಲ್ಲ. ಈಗ ಹಾಗೆ ತೋರಿಸುವ ಧೈರ್ಯ ಕಮ್ಮಿಯಾಗಿದೆ ಅನ್ನಿಸುತ್ತದೆ ನನಗೆ.

ಒಂದು ವಿಷಯ ಮಾತ್ರ ನನ್ನನ್ನು ನಿಜವಾಗಿ ಕಾಡುತ್ತದೆ. ಫ್ರೆಂಚ್ ನಿರ್ದೇಶಕ ತ್ರೂಫೊ 1973ರ ಸಂದರ್ಶನವೊಂದರಲ್ಲಿ, ಯುದ್ಧದ ಸಿನಿಮಾ ಯಾವುದಾದರೂ ಕೊನೆಗೆ ಯುದ್ಧದ ಪರವೇ ಆಗಿಬಿಡುತ್ತದೆ ಎಂಬರ್ಥದ ಮಾತು ಹೇಳಿದ್ದ. ಕಪ್ಪೋಲಾ ತನ್ನ ಹೆಲಿಕಾಪ್ಟರ್ ದಾಳಿಗೆ ಜರ್ಮನ್ ಸಂಯೋಜಕ ವಾಗ್ನರ್‌ನ ಅಬ್ಬರದ ಸಂಗೀತ ಹಾಕಿದ್ದು ಆ ಹುಚ್ಚನ್ನು ಬಯಲು ಮಾಡಲು. ಆದರೆ ಕೊಲ್ಲಿ ಯುದ್ಧಕ್ಕೆ ಹೊರಡುವ ಮುಂಚೆ ವಿಯೆಟ್ನಾಂ ಸಿನಿಮಾಗಳನ್ನು ಹಾಕಿಕೊಂಡು ಮರೀನ್ ಸೈನಿಕರು ಹುರುಪು ತುಂಬಿಕೊಳ್ಳುತ್ತಿದ್ದರು ಅಂತ, ಅವರಲ್ಲೇ ಒಬ್ಬನಾಗಿದ್ದ ಆಂಟನಿ ಸ್ವಾಫರ್ಡ್ ಬರೆದಿದ್ದಾನೆ. ಆ ಪುಸ್ತಕದಿಂದ ಮಾಡಿದ 'ಜಾರ್‌ಹೆಡ್'ನಲ್ಲಿ ಅವರು ಇದೇ ಹೆಲಿಕಾಪ್ಟರ್ ದೃಶ್ಯಕ್ಕೆ ದನಿಗೂಡಿಸಿ ಕೇಕೆ ಹಾಕುತ್ತಾರೆ. ನಾನು ನೋಡಿದ್ದರಲ್ಲಿ ಕೇಕೆಗೆ ಜಾಗವೇ ಕೊಡದ ಸಿನಿಮಾ ಸೋವಿಯತ್ ನಿರ್ದೇಶಕ ಕ್ಲಿಮೋವ್‌ನ 'ಕಮ್ ಆ್ಯಂಡ್ ಸೀ', 1985ರದು. ಬೆಲಾರೂಸ್‌ನ ಒಬ್ಬ ಹುಡುಗ ಖುಷಿಯಿಂದ ಬಂದೂಕು ಹಿಡಿದು ಹೊರಡುತ್ತಾನೆ, ಕೆಲವೇ ದಿನಗಳಲ್ಲಿ ಅವನ ಮುಖ ಮುದುಕನದಾಗುತ್ತದೆ. ನಾಜಿಗಳು ಅಲ್ಲಿ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಅಂತ ಕೊನೆಗೆ ಅಕ್ಷರದಲ್ಲಿ ಬರುತ್ತದೆ. ಕ್ಲಿಮೋವ್ ಆಮೇಲೆ ಇನ್ನೊಂದು ಸಿನಿಮಾ ಮಾಡಲಿಲ್ಲ. ನಾವು ಆರು ಜನ ಗೆಳೆಯನ ಮನೆಯಲ್ಲಿ ಅದನ್ನು ನೋಡಿದ ರಾತ್ರಿ ಮಾಲಿಕ್, ಸ್ಪೀಲ್‌ಬರ್ಗ್, ನೋಲನ್ ಯಾರ ಹೆಸರೂ ಬರಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡು ತಂಗಿ ಮಗ ಬೇಜಾರಿನಿಂದ ಕೇಳಬಹುದು, "ಹಾಗಾದ್ರೆ ಬಾರ್ಡರ್ ಕೆಟ್ಟ ಸಿನಿಮಾನಾ ಮಾವ?" ಇಲ್ಲಪ್ಪ. ಟಿವಿಯಲ್ಲಿ ಬಂದರೆ ಇವತ್ತಿಗೂ ನೋಡುತ್ತೇನೆ. ದೊಡ್ಡಪ್ಪನೂ ತಮ್ಮ ಕೊನೆಯ ದಿನಗಳವರೆಗೆ ನೋಡುತ್ತಿದ್ದರು, ಅವರದೇ ರೀತಿಯಲ್ಲಿ. 1971ರಲ್ಲಿ ಅಜ್ಜಿ ಬರೆಸುತ್ತಿದ್ದ ಇನ್‌ಲ್ಯಾಂಡ್ ಲೆಟರಿನ ಮೇಲೆ ವಿಳಾಸ 'ಕೇರ್ ಆಫ್ 56 ಎಪಿಒ' ಅಂತ ಇರುತ್ತಿತ್ತು. ಅದು ಸೇನೆಯ ಅಂಚೆ ಕಚೇರಿಯ ಸಂಖ್ಯೆ, ಮಗ ಎಲ್ಲಿದ್ದಾನೆ ಅಂತ ಅದರಿಂದ ತಿಳಿಯುವ ಹಾಗಿರಲಿಲ್ಲ. ಅಜ್ಜಿ ಅದನ್ನು ಊರಿನ ಹೆಸರು ಅಂದುಕೊಂಡು, ಆ ಊರಲ್ಲಿ ಚಳಿ ಹೇಗೆ, ರಾಗಿ ಸಿಗುತ್ತಾ ಅಂತ ಪ್ರತಿ ಕಾಗದದಲ್ಲೂ ಕೇಳಿಸುತ್ತಿದ್ದರು. ಸಿಪಾಯಿಗಳಿಗೆ ಊರಿನಿಂದ ಕಾಗದ ಬರುವ ಆ ಹಾಡು ಬಂದಾಗ ದೊಡ್ಡಪ್ಪ ಕೈ ಎತ್ತಿ ನಮ್ಮೆಲ್ಲರನ್ನೂ ಸುಮ್ಮನಾಗಿಸುತ್ತಿದ್ದರು. ಹಾಡು ಮುಗಿಯುತ್ತಿದ್ದ ಹಾಗೆ ಪಂಚೆ ಸರಿಮಾಡಿಕೊಂಡು ಎದ್ದು ಹೊರಗೆ ಹೋಗುತ್ತಿದ್ದರು. ಸಿನಿಮಾದಲ್ಲಿ ಯುದ್ಧ ಇನ್ನೂ ಶುರುವಾಗಿರುತ್ತಿರಲಿಲ್ಲ.