ಅಜ್ಜಿ ಮನೆ ಮೀಟರ್ ಯಾರಿಗೋಸ್ಕರ?

ಮೊನ್ನೆ ನನ್ನ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ನ್ಯೂಜಿಲೆಂಡಿನ ಪುಕಾಕಿ ಸರೋವರದ ಪಕ್ಕ ವ್ಯಾನ್ ನಿಲ್ಲಿಸಿಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದೆವು. ಅಲ್ಲಿ ಜುಲೈ ಮಳೆ, ಎಲ್ಲೋ ಮರ ಬಿದ್ದು ಕರೆಂಟ್ ಇಲ್ಲ, ಮನೆ ಯುಪಿಎಸ್ ಮೇಲೆ ನಡೆಯುತ್ತಿತ್ತು. "ಅಜ್ಜಿ, ನಿಮ್ಮ ಬ್ಯಾಟರಿ ಈಗ ಎಷ್ಟಿದೆ?" ಅಂದಳು ಮಗಳು. "ಯಾರಿಗೆ ಗೊತ್ತು ಪುಟ್ಟಿ, ಕುಂಯ್ ಅಂತ ಕೂಗಿದರೆ ಮುಗೀತು ಅಂತ ಲೆಕ್ಕ" ಅಂದರು ಅಮ್ಮ. ಫೋನ್ ಇಟ್ಟಮೇಲೆ ಇವಳು ನನ್ನನ್ನು ಕೇಳಿದಳು: "ಅಜ್ಜಿ ಮನೆ ಮೀಟರ್ ಹೊರಗಿನ ಗೋಡೆ ಮೇಲಿದೆ ಅಲ್ವಾ? ಒಳಗಿರೋರು ಹೇಗೆ ನೋಡೋದು?"

ಅವಳಿಗೆ ಹಾಗೆ ಅನಿಸುವುದು ಸಹಜ. ನಮ್ಮ ವ್ಯಾನಿನಲ್ಲಿ ಇರುವುದು 100 ಆಂಪಿಯರ್-ಅವರ್‌ನ (ಅಂದರೆ 1 ಆಂಪಿಯರ್‌ನಂತೆ ಬಳಸಿದರೆ 100 ಗಂಟೆ ಬರುವ) ಒಂದೇ ಲಿಥಿಯಂ ಬ್ಯಾಟರಿ, ಅದನ್ನು ಕಾಯುವ ಕೆಲಸ ಅವಳದ್ದು. ಬ್ಯಾಟರಿಯ ನೆಗೆಟಿವ್ ಕೇಬಲ್‌ಗೆ ಶಂಟ್ ಅಂತ ಒಂದು ಪುಟ್ಟ ಸಾಧನ ಕೂರಿಸಿದ್ದೇವೆ. ಒಳಗೆ ಬರುವ, ಹೊರಗೆ ಹೋಗುವ ಕರೆಂಟೆಲ್ಲ ಅದನ್ನು ಹಾದೇ ಹೋಗಬೇಕು, ಅದರ ಲೆಕ್ಕ ಫೋನಿನಲ್ಲಿ ಕಾಣುತ್ತದೆ. ಬರೀ ವೋಲ್ಟ್ ನೋಡಿದರೆ ಈ ಬ್ಯಾಟರಿಯಲ್ಲಿ ಏನೂ ತಿಳಿಯುವುದಿಲ್ಲ, ಮುಕ್ಕಾಲು ತುಂಬಿದ್ದರೂ ಕಾಲು ಉಳಿದಿದ್ದರೂ 13ರ ಆಸುಪಾಸಿನಲ್ಲೇ ಇರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಫ್ರಿಜ್ ಓಡುವಾಗ 4 ಆಂಪಿಯರ್, ಡೀಸೆಲ್ ಹೀಟರ್ ಹೊತ್ತಿಕೊಳ್ಳುವಾಗ 10ರ ಹತ್ತಿರ, ಆಮೇಲೆ 1, ದೀಪಕ್ಕೆ ಅರ್ಧವೂ ಬೇಡ. ಎಲ್ಲ ಅವಳಿಗೆ ಬಾಯಿಪಾಠ. "ಈಗ 62 ಇದೆ, ರಾತ್ರಿ ಫ್ರಿಜ್‌ಗೆ 15 ಸಾಕು, ಹಾಗಾದರೆ ಕಾರ್ಟೂನ್ ನೋಡಬಹುದು" ಅಂತ ತಾನೇ ತೀರ್ಮಾನಿಸುತ್ತಾಳೆ. ಇಲ್ಲಿ ಜುಲೈ ಅಂದರೆ ಚಳಿಗಾಲ. ಸೂರ್ಯ ಉತ್ತರದ ಕಡೆ ತಗ್ಗಿನಲ್ಲೇ ಹಾದುಹೋಗುತ್ತಾನೆ, ಚಾವಣಿಯ ಸೋಲಾರ್ ಪ್ಯಾನೆಲ್‌ನಿಂದ ಬೇಸಿಗೆಯ ಕಾಲುಭಾಗ ಬಂದರೆ ಹೆಚ್ಚು. ದೀಪ ಆರಿಸು ಅಂತ ನಾನು ಅವಳಿಗೆ ಹೇಳಬೇಕಾಗಿಯೇ ಇಲ್ಲ.

ಊರಿನ ಮೀಟರ್ ಹೊರಗಿರುವುದು ತಿಂಗಳಿಗೊಮ್ಮೆ ಬಂದು ಬಿಲ್ ಕೊಡುವವರ ಅನುಕೂಲಕ್ಕೆ. ಅಮ್ಮ ಅದನ್ನು ನೋಡಿದ್ದು ನನಗೆ ನೆನಪಿಲ್ಲ. 2023ರಲ್ಲಿ ಗೃಹಜ್ಯೋತಿ ಬಂತು, ಬಿಲ್ ಸೊನ್ನೆ ಆಯಿತು, ಈಗ ಬಿಲ್ಲನ್ನೂ ನೋಡುವುದಿಲ್ಲ. ಯೋಜನೆ ಬಂದದ್ದು ನನಗೆ ಖುಷಿಯೇ. ಆದರೆ ಅದರಲ್ಲಿ ಪ್ರತಿ ಮನೆಗೂ ಒಂದು ಮಿತಿ ಇದೆ, 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಇನ್ನು ಸ್ವಲ್ಪ, ಗರಿಷ್ಠ 200 ಯೂನಿಟ್. ಮಿತಿಯೊಳಗೆ ಇರಬೇಕಾದವರಿಗೆ ತಿಂಗಳ ನಡುವೆ ಎಷ್ಟಾಯಿತು ಅಂತ ಕಣ್ಣೆದುರು ಕಾಣಬೇಡವೇ? ಯುಪಿಎಸ್ ವಿಷಯವೂ ಅಷ್ಟೇ. ಮಲೆನಾಡಿನಲ್ಲಿ ಮಳೆಗಾಲ ಕಳೆಯುವುದೇ ಅದರ ಮೇಲೆ, ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಆದರೂ ಅರ್ಧ ಯಾವಾಗ ಆಯಿತು ಅಂತ ಅಮ್ಮನಿಗೆ ತೋರಿಸುವ ಏರ್ಪಾಡೇ ಇಲ್ಲ.

ನಮ್ಮವರಿಗೆ ನೋಡುವ ಅಭ್ಯಾಸ ಇರಲಿಲ್ಲ ಅಂತಲ್ಲ. ಅಪ್ಪ ಇದ್ದಾಗ ಮಳೆಗಾಲದ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮೊದಲು ಲಿಂಗನಮಕ್ಕಿಯ ನೀರಿನ ಮಟ್ಟ ಓದುತ್ತಿದ್ದರು, ಅದೂ ಗಟ್ಟಿಯಾಗಿ. 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ಲೆಕ್ಕ ಹಾಕುತ್ತಿದ್ದರು. ವಿದ್ಯುತ್ತಿಗೋಸ್ಕರ ಕಟ್ಟಿ 1964ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರಿನಲ್ಲೇ ನಮ್ಮ ಅಜ್ಜನ ತೋಟ ಮುಳುಗಿದ್ದು. ಆದರೂ ಡ್ಯಾಮ್ ತುಂಬಲಿ ಅಂತಲೇ ಅಪ್ಪ ಬಯಸುತ್ತಿದ್ದರು. ತೋಟ ಕೊಟ್ಟ ಮನೆಗಳಲ್ಲೇ ಮಳೆ ಬಂದರೆ ಕತ್ತಲೆ ಅನ್ನುವುದು ನನಗೆ ಈಗಲೂ ನೋಯುತ್ತದೆ.

ಪುಕಾಕಿಯೂ ಅಣೆಕಟ್ಟು ಕಟ್ಟಿ ಮಟ್ಟ ಏರಿಸಿದ ಸರೋವರ. ಇದರ ನೀರು ಕಾಲುವೆ ಹಿಡಿದು ಕೆಳಗಿನ ವಿದ್ಯುತ್ ಕೇಂದ್ರಗಳಿಗೆ ಹೋಗುತ್ತದೆ. ವೈಟಾಕಿ ನದಿಯ ಯೋಜನೆಯಲ್ಲಿ ಒಟ್ಟು 8 ವಿದ್ಯುತ್ ಕೇಂದ್ರಗಳಿವೆ. ಮಳೆ ಕಡಿಮೆಯಾದ ವರ್ಷ ಈ ಕೆರೆಗಳ ಮಟ್ಟ ಇಲ್ಲಿಯೂ ಸುದ್ದಿ. ಮಗಳಿಗೆ ಅಜ್ಜನ ಪೇಪರ್ ಓದಿನ ಕಥೆ ಹೇಳಿದೆ. "ಅಜ್ಜನೂ ನನ್ನ ಹಾಗೇ ನೋಡ್ತಿದ್ರಾ!" ಅಂದಳು.

ತಮ್ಮನಿಗೆ ಹೇಳಿದ್ದೇನೆ, ಅಮ್ಮನ ಯುಪಿಎಸ್ ಬ್ಯಾಟರಿಗೂ ಒಂದು ಶಂಟ್ ಹಾಕಿಸಿ, ಅಂಕಿ ಕಾಣುವ ಡಬ್ಬಿಯನ್ನು ಮನೆ ಒಳಗೆ ಕೂರಿಸಲು. ಅಮ್ಮ ಮೊದಲು ಸುಮ್ನೆ ಖರ್ಚು ಅಂದರು. ಆಮೇಲೆ ಅವರೇ ಫೋನ್ ಮಾಡಿ, "ಟಿವಿ ಪಕ್ಕದಲ್ಲೇ ಹಾಕಿಸು, ಧಾರಾವಾಹಿ ಮುಗಿಯೋವರೆಗೆ ಸಾಕಾಗುತ್ತಾ ಅಂತ ನೋಡ್ಕೋಬಹುದು" ಅಂದರು.