ಮೊದಲು ಮುಚ್ಚು

ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಮೊದಲನೆಯದು ಶಾಕವ್ರತ, ಕಾಯಿಪಲ್ಲೆ ಬಿಡುವ ತಿಂಗಳು. ಆ ಒಂದು ತಿಂಗಳು ನಮ್ಮ ಅಡುಗೆಮನೆಗೆ ಬರುವ ಹಣ್ಣು ಮಾವು ಒಂದೇ. ಕಾಯಿಪಲ್ಲೆ ಇಲ್ಲ, ಕೊಬ್ಬರಿ ಇಲ್ಲ, ಹುಣಸೆ ಇಲ್ಲ, ಮೆಣಸಿನಕಾಯಿ ಇಲ್ಲ. ನಮ್ಮ ಮನೆ ಪದ್ಧತಿಯಲ್ಲಿ ಸಾಸಿವೆ, ಅರಿಶಿಣ ಕೂಡ ಡಬ್ಬಿ ಬಿಟ್ಟು ಹೊರಗೆ ಬರುವುದಿಲ್ಲ. ಆಷಾಢದ ಪ್ರಥಮ ಏಕಾದಶಿಗೆ ಮಠದಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆ ಹಾಕಿಸಿಕೊಂಡು ಬಂದರೆ, ಮರುದಿನದ ಪಾರಣೆಯಿಂದ ಶ್ರಾವಣ ಶುದ್ಧ ದಶಮಿವರೆಗೂ ಬೇಳೆ, ಮೆಣಸು, ಜೀರಿಗೆ, ತುಪ್ಪ, ಬೆಲ್ಲ ಮತ್ತು ಮಾವು. ಇಷ್ಟರಲ್ಲೇ ಅಡುಗೆ.

ಈ ಸಲ ನಾನು ಮಾಡಿದ್ದು ಮಾವಿನ ಅನ್ನ. ಇದು ನಮ್ಮ ಅಜ್ಜಿಯ ಅಡುಗೆ.

ಅಜ್ಜಿ ಮಾನ್ವಿ ಕಡೆಯವಳು. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಎಲ್ಲಾ ಅದೇ ಸೀಮೆ. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಯಾವ ವ್ರತಕ್ಕೆ ಯಾವ ಕಾಳು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಪಂಚಾಂಗ ನೋಡುವವರೇ ಅವಳನ್ನು ಕೇಳುತ್ತಿದ್ದರು. ಆಷಾಢಕ್ಕೆ ಬೇನಿಷಾ ಮಾವು ಮುಗಿದಿರುತ್ತದೆ. ಸಿಕ್ಕರೆ ನೀಲಂ. ಅದಕ್ಕೇ ಜ್ಯೇಷ್ಠದಲ್ಲೇ ಗಟ್ಟಿ ಕಾಯಿ ಆರಿಸಿ, ಅಟ್ಟದ ಮೇಲೆ ಭತ್ತದ ಹುಲ್ಲಿನಲ್ಲಿ ಹೂತಿಡುತ್ತಿದ್ದಳು. ದಿನಾ ಏರಿ ಒಂದೊಂದನ್ನೂ ಮೂಸಿ ನೋಡಿ ಇಳಿಯುತ್ತಿದ್ದಳು. ಈ ಅನ್ನಕ್ಕೆ ಬೇಕಾದದ್ದು ಪೂರ್ತಿ ಹಣ್ಣೂ ಅಲ್ಲ, ಕಾಯಿಯೂ ಅಲ್ಲ. ದೋರಗಾಯಿ. ಒತ್ತಿದರೆ ಹೆಬ್ಬೆರಳು ಸ್ವಲ್ಪ ಇಳಿಯಬೇಕು, ಅಷ್ಟೇ.

ಮಾಡುವುದು ಸುಲಭ. ಒಂದು ಪಾವು ಸೋನಾ ಮಸೂರಿ ಉದುರುದುರಾಗಿ ಅನ್ನ ಮಾಡಿ ಹರವಿಡಬೇಕು. ದೊಡ್ಡದೊಂದು ದೋರಗಾಯಿ ತುರಿದು, ತುಪ್ಪದಲ್ಲಿ ಬಾಡಿಸಿ, ಅದರ ಹುಳಿ ನೋಡಿ ಬೆಲ್ಲ ಹಾಕಬೇಕು. ಹುರಿದ ಹೆಸರುಬೇಳೆ ಒಂದು ಹಿಡಿ, ಉಪ್ಪು. ಕೊನೆಗೆ ಮೆಣಸು ಜೀರಿಗೆ. ಪುಡಿ ಅಲ್ಲ, ಒರಳಲ್ಲಿ ಒಂದೆರಡು ಏಟು ಕುಟ್ಟಿ ತರಿತರಿ ಇರಬೇಕು. ಅದು ಕಾದ ತುಪ್ಪಕ್ಕೆ ಬಿದ್ದ ಗಳಿಗೆಗೆ ಬರುವ ವಾಸನೆ ಇದೆಯಲ್ಲ, ಅದನ್ನು ನಾನು ಹೇಗೆ ಬರೆಯಲಿ? ಮೊದಲು ಮೆಣಸಿನ ಘಾಟು ಮೂಗಿಗೆ ಹತ್ತುತ್ತದೆ, ಅದರ ಹಿಂದೆಯೇ ಬೆಲ್ಲ ಕರಗಿದ ಮಾವು. ಕಣ್ಣಲ್ಲಿ ನೀರು ಬರುತ್ತದೆ, ಬಾಯಲ್ಲೂ ನೀರು ಬರುತ್ತದೆ. ಅರಿಶಿಣ ಇಲ್ಲದೆಯೇ ಅನ್ನ ಹಳದಿ ಆಗುತ್ತದೆ. ಆ ಬಣ್ಣ ಮಾವೇ ಕೊಟ್ಟದ್ದು.

ಆ ವಾಸನೆ ಏಳುತ್ತಿದ್ದ ಹಾಗೆ ಅಜ್ಜಿಯ ದನಿ ಬರುತ್ತಿತ್ತು. "ಮುಚ್ಚವಾ, ಮೊದ್ಲ ಮುಚ್ಚು."

ಮಾವಿನ ಪಾತ್ರೆ ತೆರೆದಿಟ್ಟರೆ ಅವಳಿಗೆ ಆಗುತ್ತಲೇ ಇರಲಿಲ್ಲ. ತುರಿದದ್ದು ಚಿಕ್ಕ ಬೋಗುಣಿಯಲ್ಲಿದ್ದರೂ ಮೇಲೆ ತಟ್ಟೆ, ತಟ್ಟೆ ಮೇಲೆ ಗುಂಡುಕಲ್ಲು. ನಾವು ಮಕ್ಕಳು ಯಾಕೆ ಅಂತ ಕೇಳಿದರೆ ಮಂತ್ರಾಲಯದ ರಾಘವೇಂದ್ರ ರಾಯರ ಕಥೆ ಶುರು. ನಿಮಗೆಲ್ಲ ಗೊತ್ತಿರುವ ಕಥೆಯೇ. ಕಿರೀಟಗಿರಿಯ ದೇಸಾಯರ ಮನೆಗೆ ರಾಯರು ಬಂದದ್ದು, ಮಾವಿನ ಸೀಕರಣೆಯ ದೊಡ್ಡ ಪಾತ್ರೆಗೆ ಮಗು ಬಿದ್ದದ್ದು, ರಾಯರು ಮಂತ್ರೋದಕ ಹಾಕಿ ಬದುಕಿಸಿದ್ದು. ಬೇರೆಯವರು ಹೇಳುವಾಗ ಮಗು ಕಣ್ಣು ಬಿಟ್ಟಲ್ಲಿ ಕಥೆ ದೊಡ್ಡದಾಗುತ್ತದೆ. ಅಜ್ಜಿ ಅಲ್ಲಿ ನಿಲ್ಲುತ್ತಿರಲಿಲ್ಲ. ಅವಳು ನಿಲ್ಲುತ್ತಿದ್ದದ್ದು ತಾಯಿಯ ಹತ್ತಿರ. ಗುರುಗಳ ಪೂಜೆಗೆ, ಭಿಕ್ಷೆಗೆ ಅಡ್ಡಿ ಆಗಬಾರದು ಅಂತ ಸುದ್ದಿ ಹೊರಗೆ ಬಿಡದೆ ಓಡಾಡಿದಳಲ್ಲ, ಆ ತಾಯಿ. "ಪಾತ್ರಿ ಮುಚ್ಚಲಿಲ್ಲ, ದುಃಖ ಮುಚ್ಚಿಟ್ಟಳು ನೋಡು" ಅನ್ನುತ್ತಿದ್ದಳು. ಹಾಗೆ ಅಂದು ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಿದ್ದಳು. ನಾನು ಆಗ ಸಣ್ಣವಳು. ನೂರಾರು ವರ್ಷದ ಹಿಂದಿನ ಯಾರದೋ ಮನೆಯ ಹೆಂಗಸಿಗೆ ಅಜ್ಜಿ ಯಾಕೆ ಅಳುತ್ತಾಳೆ ಅಂತ ತಿಳಿಯುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ತಿಳಿಯಿತು.

ರಾಯಚೂರಿನ ಬಿಸಿಲು ಗೊತ್ತಲ್ವಾ. ನೀರಿಗೆ ಕಾಯುವುದೇ ಒಂದು ಕೆಲಸ. ಸಂಪಿನಲ್ಲಿ ಎಷ್ಟು ನೀರಿದೆ ನೋಡೋಣ ಅಂತ ಮುಚ್ಚಳ ಸರಿಸಿದ್ದು ನಾನೇ. ಒಳಗೆ ಹಾಲು ಉಕ್ಕಿದ ಸದ್ದಾಯಿತು, ಓಡಿದೆ. ಒಲೆ ಆರಿಸಿ, ಕಟ್ಟೆ ಒರೆಸಿ, ವಾಪಸ್ ಬರುವಾಗ ಮೂರು ವರ್ಷದ ಮೊಮ್ಮಗ ಅಂಗಳದಲ್ಲಿರಲಿಲ್ಲ. ಅವನ ಒಂದು ಚಪ್ಪಲಿ ಸಂಪಿನ ಅಂಚಿನಲ್ಲಿತ್ತು.

ಪಕ್ಕದ ಮನೆಯ ಹುಡುಗ ಇಳಿದು ಎತ್ತಿದ. ಮಗು ತಣ್ಣಗಿತ್ತು. ನಾನು "ರಾಯರೇ" ಅಂದದ್ದು ಒಂದೇ ಸಲವಂತೆ. ಆಮೇಲೆ ಆಸ್ಪತ್ರೆ ಮುಟ್ಟುವವರೆಗೂ ನನ್ನ ಬಾಯಿಂದ ಬಂದದ್ದು "ಮುಚ್ಚಲಿಲ್ಲ, ಮುಚ್ಚಲಿಲ್ಲ" ಅನ್ನುವುದಷ್ಟೇ ಅಂತ ಸೊಸೆ ಹೇಳಿದಳು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅವಳ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಮೂರನೇ ದಿನ ಬೆಳಗ್ಗೆ ಮಗು ಎದ್ದು ಕೂತು "ಹಸಿವು" ಅಂತು. ಅಲ್ಲೇ ಗೋಡೆಗೆ ಹಣೆ ಹಚ್ಚಿ ಹರಕೆ ಹೊತ್ತೆ. ಈ ವರ್ಷ ಶಾಕವ್ರತ ಪೂರ್ತಿ ಹಿಡಿಯುತ್ತೇನೆ, ಒಂದು ಗುರುವಾರ ಅಜ್ಜಿಯ ಮಾವಿನ ಅನ್ನ ಮಾಡಿ ರಾಯರ ಮುಂದೆ ಇಡುತ್ತೇನೆ ಅಂತ.

ಹರಕೆ ಹೊರುವ ಮುಂಚೆ ಏಳೆಂಟು ವರ್ಷ ವ್ರತವನ್ನು ಬಿಟ್ಟೇ ಇದ್ದೆ. ಶುಗರ್ ಇದೆ, ಮಕ್ಕಳು ತಿನ್ನಲ್ಲ, ಎರಡು ಅಡುಗೆ ಯಾರು ಮಾಡ್ತಾರೆ, ಹೀಗೆ ಕಾರಣಗಳಿಗೇನು ಕಡಿಮೆ? ಈಗ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಚಾತುರ್ಮಾಸ್ಯ ಅಂದರೆ ಸ್ವಾಮಿಗಳಿಗೆ ಮಾತ್ರ ಅನ್ನುವ ಹಾಗೆ ಮಾತಾಡುತ್ತೇವೆ. ಹಿಡಿಯುವವರಲ್ಲೂ ಕೆಲವರು ಪಲ್ಲೆ ಬದಲು ಏನು, ಕೊಬ್ಬರಿ ಬದಲು ಏನು ಅಂತ ತಿಂಗಳೆಲ್ಲ ಬದಲಿ ಹುಡುಕುತ್ತಾರೆ. ನನಗೆ ಅದು ಸಂಕಟ ಆಗುತ್ತದೆ. ಬಿಡುತ್ತೇನೆ ಅಂತ ದೇವರ ಮುಂದೆ ಹೇಳಿ ಬಂದಮೇಲೆ ಬಿಡಬೇಕು ಅಲ್ವಾ? ಮಳೆಗಾಲದಲ್ಲಿ ಸೊಪ್ಪಿನಲ್ಲಿ ಹುಳ ಇರುತ್ತದೆ, ಅದಕ್ಕೇ ಹಿರಿಯರು ಮಾಡಿದ್ದು ಅಂತ ವಿವರಿಸುವವರೂ ಇದ್ದಾರೆ. ಇರಬಹುದು. ಅಜ್ಜಿ ಎಂದೂ ಕಾರಣ ಹೇಳಲಿಲ್ಲ. "ಅವನಿಗೆ ಒಪ್ಪಿಸಿದ್ದು, ತಿರುಗಿ ಕೇಳಬಾರದು" ಅನ್ನುತ್ತಿದ್ದಳು. ಪೂರ್ತಿ ನಾಲ್ಕು ತಿಂಗಳು ಆಗದಿದ್ದರೆ ಒಂದು ತಿಂಗಳಾದರೂ ಹಿಡಿದು ನೋಡಿ ಅಂತ ಚಿಕ್ಕವರಿಗೆ ಕೈಮುಗಿದು ಕೇಳುತ್ತೇನೆ.

ಶ್ರಾವಣ ಬಹುಳ ಬಿದಿಗೆಗೆ ರಾಯರ ಆರಾಧನೆ. 1671ರಲ್ಲಿ ಅವರು ಬೃಂದಾವನ ಸೇರಿದ ತಿಥಿ. ಆ ಹೊತ್ತಿಗೆ ಶಾಕವ್ರತ ಮುಗಿದು ದಧಿವ್ರತ ನಡೆದಿರುತ್ತದೆ, ಮೊಸರು ಬಿಟ್ಟಿರುತ್ತೇವೆ. ಹಾಗಾಗಿ ಹರಕೆಯ ಅನ್ನಕ್ಕೆ ಅಷ್ಟು ದಿನ ಕಾಯಲಿಲ್ಲ. ನಾಗರ ಪಂಚಮಿಗೆ ಮುಂಚಿನ ಗುರುವಾರ ನಸುಕಿನಲ್ಲಿ ಬಿಚ್ಚಾಲಿಗೆ ಹೋಗಿ ಬಂದೆವು. ತುಂಗಭದ್ರೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ರಾಯರ ಶಿಷ್ಯರಾದ ಅಪ್ಪಣಾಚಾರ್ಯರ ಊರು, ರಾಯರು ಕೂತು ಜಪ ಮಾಡಿದ ಕಟ್ಟೆ. ಅಷ್ಟು ನೀರು ಕಂಡದ್ದೇ ಸೊಸೆ ಮಗುವಿನ ಕೈ ಬಿಗಿಯಾಗಿ ಹಿಡಿದಳು. ಇನ್ನೊಂದು ಕೈಯಿಂದ ನನ್ನ ಕೈ ಹಿಡಿದಳು. ಕಟ್ಟೆಯ ಮುಂದೆ ನನಗೆ ಸ್ತೋತ್ರ ಒಂದೂ ನೆನಪಾಗಲಿಲ್ಲ. ಆ ಕೈಯ ಬಿಸಿ ಒಂದೇ ಗೊತ್ತಾಗುತ್ತಿತ್ತು.

ಮನೆಗೆ ಬಂದು, ಸ್ನಾನ ಮಾಡಿ ಮಡಿಯುಟ್ಟು ಅಡುಗೆಗೆ ನಿಂತೆ. ಮಾವು ತುರಿದೆ, ಮುಚ್ಚಿದೆ. ಬೆಲ್ಲ ಹಾಕಿದೆ, ಮುಚ್ಚಿದೆ. ಮೆಣಸು ತುಪ್ಪಕ್ಕೆ ಬಿತ್ತು, ಆ ವಾಸನೆ ಎದ್ದಿತು. ಅಜ್ಜಿ ನನ್ನ ಬೆನ್ನ ಹಿಂದೆಯೇ ನಿಂತ ಹಾಗಾಯಿತು. ತಿರುಗಿ ನೋಡಲಿಲ್ಲ, ನೋಡಿದರೆ ಹೋಗಿಬಿಡುತ್ತಾಳೇನೋ ಅಂತ. ಅನ್ನ ಕಲಸಿ, ತಟ್ಟೆ ಮುಚ್ಚಿ, ಮೇಲೆ ಗುಂಡುಕಲ್ಲು ಇಟ್ಟೆ. ಆ ಕಲ್ಲು ಅವಳದ್ದೇ.

ದೇವರಿಗೆ ನೈವೇದ್ಯ ಆಯಿತು, ಅದನ್ನೇ ರಾಯರಿಗೆ ಒಪ್ಪಿಸುವ ಹಸ್ತೋದಕ ಆಯಿತು. ಎಲೆ ಹಾಕಿ ಮೊದಲು ಮಗುವಿಗೆ ಬಡಿಸಿದೆವು. ಮೊದಲ ತುತ್ತಿಗೆ ಮೆಣಸು ಸಿಕ್ಕಿ ಮುಖ ಹಿಂಡಿದ, ಆಮೇಲೆ ಸಿಹಿ ಹತ್ತಿತು. ಬೆರಳೆಲ್ಲ ಹಳದಿ ಮಾಡಿಕೊಂಡು "ಇನ್ನೂ" ಅಂದ. ಸೊಸೆ ಎದ್ದಳು. ಗುಂಡುಕಲ್ಲು ಪಕ್ಕಕ್ಕಿಟ್ಟು ತಟ್ಟೆ ತೆಗೆದಳು, ಒಂದು ಸವುಟು ಅನ್ನ ತೆಗೆದುಕೊಂಡಳು. ಮತ್ತೆ ತಟ್ಟೆ ಮುಚ್ಚಿ, ಕಲ್ಲು ಇಟ್ಟು, ಆಮೇಲೆ ಮಗುವಿನ ಎಲೆಯ ಹತ್ತಿರ ಬಂದಳು.